ಹಲ್ಲಿನ ಕಲೆ, ಕಲ್ಲಿನ ಕಥೆ

ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಗೀರಿದ ಚರ್ಮ ಮಾಯುತ್ತದೆ. ಕತ್ತರಿಸಿದ ಉಗುರು ವಾರದೊಳಗೆ ಮತ್ತೆ ಚಿಗುರುತ್ತದೆ. ಹಲ್ಲಿನ ಮೇಲಿನ ಹೊಳೆಯುವ ಹೊದಿಕೆಗೆ ಮಾತ್ರ ಆ ಭಾಗ್ಯವಿಲ್ಲ. ಎನಾಮೆಲ್ ಎಂದು ಕರೆಯುವ ಈ ಹೊದಿಕೆಯನ್ನು ನೇಯುವ ಜೀವಕೋಶಗಳು, ಹಲ್ಲು ಒಸಡು ಸೀಳಿ ಹೊರಬರುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಬಾಯಿಯ ಮುಂಭಾಗದ ಶಾಶ್ವತ ಹಲ್ಲುಗಳ ಎನಾಮೆಲ್ ಮಗುವಿನ ಮೊದಲ ವರ್ಷದಲ್ಲೇ ಕಟ್ಟಿಕೊಳ್ಳಲು ಶುರುವಾಗಿ ನಾಲ್ಕೈದು ವರ್ಷದೊಳಗೆ ಮುಗಿಯುತ್ತದೆ. ಆ ಹಲ್ಲು ಕನ್ನಡಿಯಲ್ಲಿ ಕಾಣುವುದು ಏಳನೆಯ ವರ್ಷದ ಆಸುಪಾಸಿನಲ್ಲಿ. ಹಾಗಾಗಿ ಮಗುವಾಗಿದ್ದಾಗ ಕುಡಿದ ನೀರಿನಲ್ಲಿ ಏನಿತ್ತು ಎಂಬುದನ್ನು ಹಲ್ಲು ಬರೆದಿಟ್ಟುಕೊಂಡಿರುತ್ತದೆ. ಮುಪ್ಪಿನಲ್ಲಿ ಹಲ್ಲು ಬೀಳುವವರೆಗೂ ಆ ಬರಹ ಅಳಿಯುವುದಿಲ್ಲ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಬಯಲಿನಲ್ಲಿ ಎಷ್ಟೋ ಬಾಯಿಗಳಲ್ಲಿ ಈ ಬರಹ ಕಂದು ಬಣ್ಣದ್ದು. ಬೇಸಾಯಕ್ಕೂ ಕುಡಿಯಲಿಕ್ಕೂ ಕೊಳವೆಬಾವಿಯನ್ನೇ ನಂಬಿದ ಈ ಮಳೆಕೊರತೆಯ ತಾಲ್ಲೂಕಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಲೆಯನ್ನು ಮೊದಲು ನೋಡುವವರು ದಂತವೈದ್ಯರು. ಆದರೆ ಅದರ ಕಾರಣ ಅವರ ಕುರ್ಚಿಯ ಪಕ್ಕದಲ್ಲಿಲ್ಲ, ನೂರಾರು ಅಡಿ ಕೆಳಗಿನ ಬಂಡೆಯಲ್ಲಿದೆ. ಈ ಅಧ್ಯಾಯದ ಉದ್ದಕ್ಕೂ ನಾವು ನೋಡಲಿರುವುದು ಇಂಥದೇ ಸಂಗತಿಗಳನ್ನು: ಒಂದು ವಿಭಾಗದ ಬಾಗಿಲಲ್ಲಿ ಹುಟ್ಟಿದ ಪ್ರಶ್ನೆಗೆ ಉತ್ತರ ಇನ್ನೊಂದು ವಿಭಾಗದ ಹಿತ್ತಲಲ್ಲಿ ಸಿಗುವುದನ್ನು. ಅದಕ್ಕಾಗಿ ದೂರ ಹೋಗುವುದು ಬೇಡ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬಂದರೆ ಸಾಕು.

ಸಿಹಿನೀರಿನ ಮೋಸ

ಫ್ಲೋರೈಡಿನ ಕಥೆ ಜಗತ್ತಿಗೆ ತಿಳಿದದ್ದೂ ಹೀಗೆ ಬಾಗಿಲಿಂದ ಬಾಗಿಲಿಗೆ ಅಲೆದೇ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯನಿಗೆ ಅಲ್ಲಿನವರ ಹಲ್ಲಿನ ಕಂದು ಕಲೆಗಳು ಒಗಟಾದವು. ನೀರಿನ ಮೇಲೆ ಅವನಿಗೆ ಅನುಮಾನ ಬಂತು. ಆದರೆ ನೀರಿನಲ್ಲಿರುವುದು ಏನು ಎಂದು ಹೇಳಲು ಅವನಿಂದ ಆಗಲಿಲ್ಲ. ಮೂವತ್ತು ವರ್ಷಗಳ ನಂತರ, 1931ರಲ್ಲಿ, ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ಬೇರೊಂದು ಊರಿನ ನೀರನ್ನು ಪರೀಕ್ಷಿಸಿ ಫ್ಲೋರೈಡನ್ನು ಪತ್ತೆಹಚ್ಚಿದ. ನಮ್ಮ ದೇಶದಲ್ಲಿ ಈ ಕಾಯಿಲೆಯ ವರದಿ ಮೊದಲು ಪ್ರಕಟವಾದದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಜಿಲ್ಲೆಯಿಂದ.

ಹಲ್ಲು ಮತ್ತು ಮೂಳೆಯ ಗಟ್ಟಿತನಕ್ಕೆ ಕಾರಣ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಸೇರಿ ಆದ ಒಂದು ಖನಿಜ. ಫ್ಲೋರೈಡ್ ಅಯಾನು ಗಾತ್ರದಲ್ಲಿ ಹೆಚ್ಚುಕಡಿಮೆ ಹೈಡ್ರಾಕ್ಸಿಲಿನಷ್ಟೇ ಇದೆ. ಬಸ್ಸಿನಲ್ಲಿ ಒಬ್ಬರು ಟವೆಲ್ ಹಾಕಿ ಹಿಡಿದಿಟ್ಟ ಸೀಟಿನಲ್ಲಿ ಇನ್ನೊಬ್ಬರು ಬಂದು ಕೂತಂತೆ ಅದು ಹೈಡ್ರಾಕ್ಸಿಲಿನ ಜಾಗ ಹಿಡಿಯುತ್ತದೆ. ಸ್ವಲ್ಪವೇ ಆದರೆ ಹಲ್ಲಿಗೆ ಒಳ್ಳೆಯದೇ, ಹುಳುಕು ತಡೆಯುತ್ತದೆ. ಮಿತಿ ಮೀರಿದರೆ ಎನಾಮೆಲ್ ನೇಯುವ ಕೋಶಗಳ ಕೆಲಸವೇ ಹದಗೆಡುತ್ತದೆ. ಹೊದಿಕೆ ಸಣ್ಣಸಣ್ಣ ರಂಧ್ರಗಳದ್ದಾಗಿ, ಹಲ್ಲು ಹೊರಬಂದ ಮೇಲೆ ಬಣ್ಣ ಹೀರಿಕೊಂಡು ಕಂದಾಗುತ್ತದೆ. ವರ್ಷಾನುಗಟ್ಟಲೆ ಅದೇ ನೀರು ಕುಡಿದರೆ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಮ್ಮ ಭಾರತೀಯ ಮಾನಕ ಸಂಸ್ಥೆ 1 ಮಿಲಿಗ್ರಾಂ ಇದ್ದರೆ ಒಳಿತು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ.

ಇಲ್ಲಿಗೆ ವೈದ್ಯರ ಮಾತು ಮುಗಿಯಿತು, ಭೂವಿಜ್ಞಾನಿಯ ಮಾತು ಶುರು. ನಮ್ಮ ಬಯಲುಸೀಮೆಯ ತಳಗಲ್ಲು ಗ್ರಾನೈಟ್ ಮತ್ತು ನೈಸ್. ಅದರಲ್ಲಿ ಕಾಗೆಬಂಗಾರದ ಜಾತಿಯ ಬಯೊಟೈಟ್ ಇದೆ, ಅಪಟೈಟ್ ಇದೆ, ಫ್ಲೋರೈಟ್ ಇದೆ. ಮೂರರಲ್ಲೂ ಫ್ಲೋರೀನ್ ಅಡಗಿದೆ. ಬಂಡೆಯ ಬಿರುಕಿನಲ್ಲಿ ನೀರು ನಿಂತಷ್ಟು ಕಾಲ ಅದು ಕರಗುತ್ತಾ ಹೋಗುತ್ತದೆ. ತೆರೆದ ಬಾವಿಯ ನೀರು ನಿನ್ನೆ ಮೊನ್ನೆಯ ಮಳೆಯದ್ದು. ಆಳದ ಕೊಳವೆಬಾವಿಯ ನೀರು ಬಹುಕಾಲ ಕಲ್ಲಿನೊಂದಿಗೆ ಸಂಸಾರ ಮಾಡಿದ್ದು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರಿನಲ್ಲಿ ಸುಣ್ಣದಂಶ, ಎಂದರೆ ಕ್ಯಾಲ್ಸಿಯಂ, ಚೆನ್ನಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಗಟ್ಟಿ ಪದಾರ್ಥವಾಗಿ ಕೆಳಗಿಳಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬನೇಟ್ ಹೆಚ್ಚಿದ್ದರೆ ಫ್ಲೋರೈಡಿಗೆ ತಡೆಯೇ ಇಲ್ಲ.

ಇನ್ನು ಊರಿನವರ ಭಾಷೆಯನ್ನು ಕೇಳಿ. ನಮ್ಮ ಹಳ್ಳಿಗಳಲ್ಲಿ ನೀರಿಗೆ ಎರಡೇ ಜಾತಿ: ಸಿಹಿನೀರು, ಸವುಳುನೀರು. ಬೇಳೆ ಬೇಯುವುದು, ಸೋಪು ನೊರೆ ಬರುವುದು ಸಿಹಿನೀರಿನಲ್ಲಿ. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಅದು ಸಲೀಸಾಗಿ ಉಳಿಯುವುದೇ ಸುಣ್ಣದಂಶ ಕಡಿಮೆಯಿರುವ, ನಾಲಿಗೆಗೆ ಹಿತವೆನಿಸುವ ನೀರಿನಲ್ಲಿ. ನೂರಾರು ವರ್ಷ ನಂಬಿಕೊಂಡು ಬಂದ ನಾಲಿಗೆಯ ಪರೀಕ್ಷೆ ಇಲ್ಲಿ ಸೋಲುತ್ತದೆ. ‘ಸಿಹಿನೀರು ಕುಡಿಯಿರಿ’ ಎಂದು ಆರೋಗ್ಯ ಕಾರ್ಯಕರ್ತೆ ಹೇಳಿದರೆ ಆ ಮಾತೇ ತಪ್ಪು ಬಾವಿಯತ್ತ ಕಳಿಸಬಹುದು. ಒಂದು ಪದದ ಅರ್ಥ ಗೊತ್ತಿಲ್ಲದೆ ಒಂದು ಕಾಯಿಲೆಯನ್ನು ತಡೆಯಲಾಗದು. ಭಾಷಾಶಾಸ್ತ್ರಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ನಂಟು ಬೆಳೆಯುವುದು ಇಂಥ ಸಣ್ಣ ಜಾಗಗಳಲ್ಲಿ.

ಪರಿಹಾರದ ಹುಡುಕಾಟದಲ್ಲೂ ಹಲವು ಕೈ ಸೇರಿವೆ. ಸ್ಫಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ‘ನಲ್ಗೊಂಡ ವಿಧಾನ’ವನ್ನು ರೂಪಿಸಿದ್ದು ನಾಗಪುರದ ನೀರಿ ಸಂಸ್ಥೆಯ ಪರಿಸರ ಎಂಜಿನಿಯರುಗಳು. ಊರೂರಿಗೆ ಬಂದ ಶುದ್ಧ ಕುಡಿಯುವ ನೀರಿನ ಘಟಕಗಳು ಪೊರೆಯ ಮೂಲಕ ನೀರು ಸೋಸುತ್ತವೆ. ಚಾವಣಿಯ ಮೇಲೆ ಬಿದ್ದ ಮಳೆನೀರಿಗೆ ಕಲ್ಲಿನ ಸಹವಾಸವೇ ಇಲ್ಲದ್ದರಿಂದ ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಮೈಲುತುತ್ತ ತೋಟದಲ್ಲಿ, ತಾಮ್ರ ಬಾಯಲ್ಲಿ

ಜಗಳೂರಿನಿಂದ ನೈಋತ್ಯಕ್ಕೆ ಹೊರಟು ಚನ್ನಗಿರಿ ತಲುಪಿದರೆ ದಂತವೈದ್ಯರಿಗೆ ಬೇರೊಂದು ಕೆಲಸ ಕಾದಿರುತ್ತದೆ. ಇಲ್ಲಿ ನೆಲದ ಬಣ್ಣವೇ ಹಸಿರು. ಸಂತೇಬೆನ್ನೂರಿನಿಂದ ತಾವರೆಕೆರೆಯವರೆಗೆ ಅಡಿಕೆ ತೋಟ. ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರ ಎಷ್ಟಕ್ಕೆ ಮಾತಾಡಿದ, ಅಡಿಕೆ ಮಾರುವ ಸಹಕಾರ ಸಂಘ ತುಮ್ಕೋಸ್‌ನಲ್ಲಿ ರಾಶಿ ಇಡಿಗೆ ಇವತ್ತು ಎಷ್ಟು ಎಂಬುದೇ ಚಹಾದಂಗಡಿಯ ಮಾತು.

ಅಡಿಕೆಯ ಮೇಲೆ ವೈಜ್ಞಾನಿಕ ಅಧ್ಯಯನ ನಮ್ಮಲ್ಲಿ ಬೇರೂರಿದ್ದು ಕೊಳೆರೋಗದಿಂದ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದಾಗ, ಮಳೆಗಾಲದಲ್ಲಿ ಎಳೆಗಾಯಿ ಕೊಳೆತು ಉದುರುವುದು ಮಲೆನಾಡಿನ ತೋಟಿಗರ ದೊಡ್ಡ ಸಂಕಟವಾಗಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆಹನಿ ತಾಗದಂತೆ ನೋಡಿಕೊಳ್ಳುವ ಉಪಾಯವನ್ನು ತೋಟಿಗರು ಮೊದಲೇ ಕಂಡುಕೊಂಡಿದ್ದರು. ರೋಗ ಒದ್ದೆಯಿಂದ ಹರಡುತ್ತದೆ ಎಂಬ ಅವರ ಅನುಭವ ಸರಿಯಾಗಿಯೇ ಇತ್ತು. ಸೂಕ್ಷ್ಮದರ್ಶಕದಡಿ ಅದರ ಕರ್ತೃವನ್ನು ಹಿಡಿದವನು ಕೋಲ್ಮನ್. ಅದು ಫೈಟಾಫ್ತೊರಾ ಎಂಬ, ನೀರಿನಲ್ಲಿ ಈಜುವ ಬೀಜಕಣಗಳಿರುವ ಜೀವಿ. 1910ರಲ್ಲಿ ಅವನು ಪ್ರಕಟಿಸಿದ ವರದಿಯಲ್ಲಿ ರೋಗದ ಹೆಸರು ‘ಕೊಳೆರೋಗ’ ಎಂದೇ ಇದೆ. ತೋಟಿಗರ ಕನ್ನಡ ಪದ ಹಾಗೇ ವಿಜ್ಞಾನದ ಪುಟ ಸೇರಿತು. ಅವನು ಹೇಳಿದ ಮದ್ದು ಬೋರ್ಡೊ ದ್ರಾವಣ. ಫ್ರಾನ್ಸಿನ ದ್ರಾಕ್ಷಿತೋಟಗಳಿಂದ ಬಂದ ಈ ಮಿಶ್ರಣಕ್ಕೆ ಬೇಕಾದದ್ದು ಮೈಲುತುತ್ತ ಮತ್ತು ಸುಣ್ಣ. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೊ ಎಂಬ ಲೆಕ್ಕವನ್ನು ಇವತ್ತಿಗೂ ತೋಟಿಗರು ಬಾಯಲ್ಲೇ ಹೇಳುತ್ತಾರೆ.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಈ ತಾಮ್ರವನ್ನು ನೆನಪಿಟ್ಟುಕೊಂಡು ಈಗ ವೈದ್ಯಕೀಯ ವಿಭಾಗಕ್ಕೆ ನಡೆಯೋಣ.

ಅಡಿಕೆ ಜಗಿಯುವ ಕೆಲವರಿಗೆ ವರ್ಷಗಳು ಕಳೆದಂತೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಕೆನ್ನೆಯ ಒಳಪದರ ಬೆಳ್ಳಗಾಗಿ ಹಗ್ಗದಂತೆ ಬಿಗಿಯುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಮೂರು ಬೆರಳು ಒಟ್ಟಿಗೆ ಬಾಯೊಳಗೆ ಹೋಗುವುದಿಲ್ಲ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಇದನ್ನು ದಾಖಲಿಸಿದ್ದು ಆಫ್ರಿಕದ ನೈರೋಬಿಯಲ್ಲಿ. ರೋಗಿಗಳು ಅಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರು. ಸಮುದ್ರ ದಾಟಿದ ಮೇಲೂ ಬಿಡದ ಅಭ್ಯಾಸವೇ ರೋಗದ ಸುಳಿವು ಕೊಟ್ಟಿತು. ಅಡಿಕೆಯ ಅರೆಕೊಲಿನ್ ಎಂಬ ಸಾರ ಕೆನ್ನೆಯ ಜೀವಕೋಶಗಳನ್ನು ಕೆರಳಿಸಿ ನಾರಿನಂಥ ಕೊಲಾಜನ್ ಹೆಚ್ಚು ಹುಟ್ಟುವಂತೆ ಮಾಡುತ್ತದೆ. ಆ ನಾರುಗಳನ್ನು ಒಂದಕ್ಕೊಂದು ಹೊಸೆದು ಬಿಗಿಯುವ ಕಿಣ್ವಕ್ಕೆ ಕೆಲಸ ಮಾಡಲು ತಾಮ್ರ ಬೇಕೇ ಬೇಕು. ಅಡಿಕೆಯಲ್ಲೋ, ಉಳಿದ ಬೀಜಗಳಿಗೆ ಹೋಲಿಸಿದರೆ ತಾಮ್ರ ಹೆಚ್ಚು. ಈ ಸ್ಥಿತಿಯಿಂದ ಬಾಯಿ ಕ್ಯಾನ್ಸರಿಗೆ ದಾರಿ ದೂರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಬೆರೆಸದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವರ್ಗೀಕರಿಸಿತು.

ಈಗ ಎರಡು ವಿಭಾಗಗಳನ್ನೂ ಒಟ್ಟಿಗೆ ನೋಡಿ. ಕೃಷಿ ವಿಜ್ಞಾನಿ ಕಾಯಿ ಉಳಿಸಲು ತಾಮ್ರ ಹೊಡೆಸುತ್ತಾನೆ. ಬಾಯಿಯ ರೋಗಶಾಸ್ತ್ರಜ್ಞೆ ಕಾಯಿಯೊಳಗಿನ ತಾಮ್ರವನ್ನು ಅಳೆಯುತ್ತಾಳೆ. ಅದರಲ್ಲಿ ಮಣ್ಣಿನಿಂದ ಬಂದದ್ದೆಷ್ಟು, ಸಿಂಪಡಣೆಯಿಂದ ಬಂದದ್ದೆಷ್ಟು, ಬೇಯಿಸಿ ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಹಾಕಿ ಒಣಗಿಸುವಾಗ ಉಳಿದದ್ದೆಷ್ಟು? ಇದನ್ನು ಬಿಡಿಸಲು ಮಣ್ಣುವಿಜ್ಞಾನಿ, ಸಸ್ಯರೋಗತಜ್ಞ, ರಸಾಯನಶಾಸ್ತ್ರಜ್ಞೆ, ದಂತವೈದ್ಯೆ ಒಂದೇ ಮೇಜಿನ ಸುತ್ತ ಕೂರಬೇಕು. ಅರ್ಥಶಾಸ್ತ್ರಜ್ಞನನ್ನು ಹೊರಗೆ ನಿಲ್ಲಿಸುವ ಹಾಗೂ ಇಲ್ಲ. ಅಡಿಕೆ ಬಿಡಿ ಎನ್ನುವುದು ಸುಲಭ. ಮಕ್ಕಳ ಫೀಸು, ಮದುವೆ, ಸಾಲದ ಕಂತು ಎಲ್ಲವೂ ಗೊನೆಗೆ ಜೋತುಬಿದ್ದಿರುವ ಮನೆಯಲ್ಲಿ ಕೂತು ಅದನ್ನು ಹೇಳುವುದು ಬೇರೆ. ಹಾಳೆಯ ತಟ್ಟೆ, ಚೊಗರಿನಿಂದ ಬಟ್ಟೆಗೆ ಬಣ್ಣ ಎಂಬ ಬಾಯಿಗೆ ಹೋಗದ ಉಪಯೋಗಗಳ ಹುಡುಕಾಟಕ್ಕೆ ಬೆಲೆ ಬರುವುದು ಈ ಕಾರಣಕ್ಕೆ.

ಯಾಡಿ, ಪಾಣಿ ಮತ್ತು ಔಷಧದ ಚೀಟಿ

ಚನ್ನಗಿರಿಯಿಂದ ಪಶ್ಚಿಮಕ್ಕೆ ನ್ಯಾಮತಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಇದು ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಪ್ರತ್ಯೇಕ ತಾಲ್ಲೂಕಾದದ್ದು ಆನಂತರ. ಇಲ್ಲಿನ ಸೂರಗೊಂಡನಕೊಪ್ಪ ಲಂಬಾಣಿಗರ ಪಾಲಿಗೆ ಪುಣ್ಯಕ್ಷೇತ್ರ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ್ದು ಇಲ್ಲಿ ಎಂಬುದು ಸಮುದಾಯದ ನಂಬಿಕೆ. ಪ್ರತಿ ಫೆಬ್ರುವರಿಯಲ್ಲಿ ಜಯಂತಿಗೆ ರಾಜ್ಯದಾಚೆಯಿಂದಲೂ ಜನ ಬರುತ್ತಾರೆ.

ಆ ಜಾತ್ರೆಯಲ್ಲಿ ಕಿವಿಗೆ ಬೀಳುವ ಮಾತು ಕನ್ನಡದ ನೆಂಟನಲ್ಲ. ಕನ್ನಡ ದ್ರಾವಿಡ ಕುಟುಂಬದ್ದು, ಲಂಬಾಣಿ ಇಂಡೋ-ಆರ್ಯನ್ ಕುಟುಂಬದ್ದು. ಅದರ ಹತ್ತಿರದ ಬಂಧುಗಳಿರುವುದು ರಾಜಸ್ಥಾನದಲ್ಲಿ. ನೀರಿಗೆ ಪಾಣಿ, ತಾಯಿಗೆ ಯಾಡಿ. ತಮ್ಮವರು ಗೋರ್, ಹೊರಗಿನವರು ಕೋರ್. ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಉತ್ತರದಿಂದ ದಖನ್ನಿನವರೆಗೆ ನಡೆದ ಜನರ ದಾರಿಯನ್ನು ಈ ಪದಗಳು ಹಿಡಿದಿಟ್ಟಿವೆ. ಹಲ್ಲಿನಲ್ಲಿ ಬಾಲ್ಯದ ನೀರು ಉಳಿದಂತೆ ನುಡಿಯಲ್ಲಿ ಹಳೆಯ ದಾರಿ ಉಳಿದಿದೆ. ಆದರೆ ನುಡಿ ಎನಾಮೆಲ್ಲಿನಂತೆ ನಿಂತುಬಿಡುವುದಿಲ್ಲ. ಬಂದ ನಾಡಿನ ಪದಗಳನ್ನು ಸೇರಿಸಿಕೊಳ್ಳುತ್ತಾ ಹೋಗುತ್ತದೆ. ಕರ್ನಾಟಕದ ಲಂಬಾಣಿಯಲ್ಲಿ ಕನ್ನಡ, ತೆಲಂಗಾಣದ ಲಂಬಾಣಿಯಲ್ಲಿ ತೆಲುಗು ಬೆರೆತಿವೆ. ಸ್ವಂತ ಲಿಪಿ ಇಲ್ಲದ್ದರಿಂದ ಎಲ್ಲಿದ್ದಾರೋ ಅಲ್ಲಿನ ಲಿಪಿಯಲ್ಲಿ ಬರೆಯುತ್ತಾರೆ.

ಜಾರ್ಜ್ ಗ್ರಿಯರ್‌ಸನ್ ತನ್ನ ಭಾರತೀಯ ಭಾಷಾ ಸಮೀಕ್ಷೆಯ ಒಂಬತ್ತನೆಯ ಸಂಪುಟದಲ್ಲಿ, 1907ರಲ್ಲಿ, ಈ ನುಡಿಗೆ ಜಾಗ ಕೊಟ್ಟ. 1970ರಲ್ಲಿ ರೊನಾಲ್ಡ್ ಟ್ರೇಲ್ ಬರೆದ ಲಂಬಾಣಿ ವ್ಯಾಕರಣ ಪ್ರಕಟವಾಯಿತು. ವ್ಯಾಕರಣ ಕಪಾಟಿನಲ್ಲಿ ಕೂರುವ ಪುಸ್ತಕ ಎಂದುಕೊಳ್ಳಬೇಡಿ. ತಾಂಡಾದ ಅಜ್ಜಿಯೊಬ್ಬರು ಆಸ್ಪತ್ರೆಗೆ ಬಂದು ನೋವು ಹೇಳಿಕೊಳ್ಳುವಾಗ ಏನಾಗುತ್ತದೆ ನೋಡಿ. ಕನ್ನಡದಲ್ಲೇ ಚುಚ್ಚುವುದು ಬೇರೆ, ಸೆಳೆಯುವುದು ಬೇರೆ, ಕುಕ್ಕುವುದು ಬೇರೆ, ಜೋಮು ಬೇರೆ. ವೈದ್ಯರ ಮಟ್ಟಿಗೆ ಇವು ಅಲಂಕಾರವಲ್ಲ, ನರದ ನೋವೋ ಸ್ನಾಯುವಿನದೋ ಎಂದು ತಿಳಿಯುವ ಸುಳಿವು. ಮನೆಮಾತಿನ ಈ ಸೂಕ್ಷ್ಮ ಪದಗಳು ಎರಡನೆಯ ಭಾಷೆಗೆ ಬರುವಾಗ ಎಲ್ಲವೂ ಸೇರಿ ‘ನೋವು’ ಎಂಬ ಒಂದೇ ಪದವಾಗಿಬಿಡುತ್ತದೆ. ನೋವಿನ ಪದಗಳ ಪಟ್ಟಿಯನ್ನು ತಾಂಡಾದಲ್ಲಿ ಕೂತು ಮಾಡಿದ ಭಾಷಾ ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕ ವೈದ್ಯರ ಮೇಜಿನ ಮೇಲೆ ಸ್ಟೆತೊಸ್ಕೋಪಿನ ಪಕ್ಕದಲ್ಲೇ ಇರಬೇಕಾದದ್ದು.

ಹೊನ್ನು ಇದೆಯೆ?

ನುಡಿಯಲ್ಲಿ ಸುಳಿವು ಹುಡುಕುವ ಆಸೆ ಕೆಲವೊಮ್ಮೆ ಜಾರಿಬೀಳಿಸುತ್ತದೆ. ತುಂಗಭದ್ರೆಯ ದಂಡೆಯ ಹೊನ್ನಾಳಿಯ ಹೆಸರು ಕೇಳಿದೊಡನೆ ಚಿನ್ನ ನೆನಪಾಗುತ್ತದೆ. ಹೆಸರಿನಲ್ಲಿ ಹೊನ್ನು ಇರುವ ಊರೆಲ್ಲ ಚಿನ್ನದ ಊರಲ್ಲ. ಆದರೆ ಇಲ್ಲಿ ಭೂವಿಜ್ಞಾನಿ ಬಂದು ತಲೆದೂಗಿದ. ಭಾರತದ ಪ್ರಾಗಿತಿಹಾಸದ ಪಿತಾಮಹ ಎನಿಸಿದ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿನ್ನದ ನೆಲಗಳನ್ನು ಸುತ್ತಿದಾಗ ಹೊನ್ನಾಳಿ ಸೀಮೆಯನ್ನೂ ನೋಡಿದ. ಕುದುರೆಕೊಂಡ, ಪಲವನಹಳ್ಳಿ ಎಂಬ ಹೆಸರುಗಳು ಚಿನ್ನದ ಹಳೆಯ ದಾಖಲೆಗಳಲ್ಲಿ ಬರುತ್ತವೆ. ಹಳ್ಳದ ಮರಳು ತೊಳೆದು ಚಿನ್ನದ ಕಣ ಹೆಕ್ಕುವ ಜಲಗಾರರು ಅದಕ್ಕೂ ಮೊದಲೇ ಆ ನೆಲವನ್ನು ಓದಿದ್ದರು. ಈ ಭಾಗದ ಶಿಲೆ ಶಿವಮೊಗ್ಗ ಪಟ್ಟಿ ಎಂದು ಕರೆಯುವ ಧಾರವಾಡ ಶಿಲಾಸ್ತರದ್ದು. ಅದರ ನಡುವೆ ಗುಮ್ಮಟದಂತೆ ಉಬ್ಬಿ ಬಂದಿರುವ, ಇನ್ನೂ ಹಳೆಯ ನೈಸ್ ಕಲ್ಲನ್ನು ಭೂವಿಜ್ಞಾನಿಗಳು ಹೊನ್ನಾಳಿಯ ಹೆಸರಿನಿಂದಲೇ ಗುರುತಿಸುತ್ತಾರೆ.

ಹೆಸರೂ ನೆಲವೂ ಒಂದೇ ಮಾತು ಹೇಳಿದವು ಎಂದ ಮಾತ್ರಕ್ಕೆ ಸ್ಥಳನಾಮ ವಿದ್ವಾಂಸ ಒಪ್ಪಿಬಿಡುವುದಿಲ್ಲ. ಹಳೆಯ ಶಾಸನದಲ್ಲಿ ಊರಿನ ರೂಪ ಹೇಗಿದೆ ಎಂದು ಮೊದಲು ಕೇಳುತ್ತಾನೆ. ಅದಕ್ಕೆ ಲೂಯಿಸ್ ರೈಸ್ ಹಾಕಿಕೊಟ್ಟ ದಾರಿಯಿದೆ. ಅವನ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ (1902) ಹೊನ್ನಾಳಿ, ಚನ್ನಗಿರಿಯ ಶಾಸನಗಳಿವೆ, ಹನ್ನೊಂದನೆಯದರಲ್ಲಿ (1903) ಜಗಳೂರಿನವು. ಒಂದೇ ಜಿಲ್ಲೆಯ ತಾಲ್ಲೂಕುಗಳು ಎರಡು ಸಂಪುಟಗಳಲ್ಲಿ ಹಂಚಿಹೋದದ್ದೇಕೆ? ಆಗ ಮೊದಲೆರಡು ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿಯ ಬೆಳಗುತ್ತಿಯಿಂದ ಆಳಿದ ಸಿಂದರ ಕಥೆ ತಿಳಿದದ್ದು ಇಂಥ ಕಲ್ಲುಗಳಿಂದಲೇ. ಒಂದೇ ಕಲ್ಲನ್ನು ಶಾಸನತಜ್ಞ ಅಕ್ಷರಕ್ಕಾಗಿ ನೋಡಿದರೆ ಭೂವಿಜ್ಞಾನಿ ಖನಿಜಕ್ಕಾಗಿ ನೋಡುತ್ತಾನೆ.

ಚನ್ನಗಿರಿಯ ಸೂಳೆಕೆರೆಗೂ ಈ ಮಾತು ಸಲ್ಲುತ್ತದೆ. ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ, ಸುಮಾರು 6,500 ಎಕರೆ ನೀರು. ಎಂಜಿನಿಯರನಿಗೆ ಅದು ಹರಿದ್ರಾ ಹೊಳೆಯನ್ನು ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ಚಿಕ್ಕ ಏರಿಯಿಂದ ತಡೆದ, ಕಡಿಮೆ ಕಟ್ಟಿ ಹೆಚ್ಚು ನೀರು ನಿಲ್ಲಿಸಿದ ಜಾಣ್ಮೆ. ಜಾನಪದ ವಿದ್ವಾಂಸನಿಗೆ ಅದು ಶಾಂತವ್ವೆಯ ಕಥೆ: ಕೆರೆಗಾಗಿ ತಮ್ಮ ಕೇರಿ ಬಿಟ್ಟುಕೊಟ್ಟ ಹೆಂಗಸರ ಹೆಸರು ನೀರಿಗೆ ನಿಂತ ಬಗೆ. ಮುಳುಗುವ ನೆಲದವರಿಗೆ ಏನು ಸಿಗಬೇಕು ಎಂದು ಇವತ್ತು ಪುನರ್ವಸತಿಯ ತಜ್ಞರು ಕೇಳುವ ಪ್ರಶ್ನೆ ಆ ಕಥೆಯಲ್ಲಿ ಆಗಲೇ ಇದೆ.

ನಾಲ್ಕು ಕೊಂಬಿನ ನೆರೆಯವನು

ಮತ್ತೆ ಜಗಳೂರಿಗೆ ಮರಳೋಣ. ಇಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಯ ಅಭಯಾರಣ್ಯವಾಯಿತು, ಸುಮಾರು 77 ಚದರ ಕಿಲೊಮೀಟರ್. ಕೊಂಡುಕುರಿ ಹೆಸರಿನಲ್ಲಿ ಕುರಿ, ಜಾತಿಯಲ್ಲಿ ಹುಲ್ಲೆ. ಜಗತ್ತಿನಲ್ಲಿ ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಇನ್ನೊಂದು ಚಿಕ್ಕ ಜೊತೆ. ದಕ್ಷಿಣದ ಪ್ರಾಣಿಗಳಲ್ಲಿ ಈ ಮುಂದಿನ ಜೊತೆ ಎಷ್ಟೋ ಸಲ ಗುಬುಟಿನಷ್ಟೇ ಇರುತ್ತದೆ. ಹೆಣ್ಣಿಗೆ ಕೊಂಬೇ ಇಲ್ಲ. ‘ನಾಲ್ಕು ಕೊಂಬಿನದನ್ನು ಕಂಡಿರಾ?’ ಎಂದು ಕೇಳಿದರೆ ಕುರಿಗಾಹಿ ಇಲ್ಲವೆಂದು ತಲೆಯಾಡಿಸಬಹುದು. ‘ಕೊಂಡುಕುರಿ ಇದೆಯಾ?’ ಎಂದರೆ ಮೇಯುವ ಜಾಗವನ್ನೇ ತೋರಿಸಬಹುದು. ಸಮೀಕ್ಷೆಯ ಸಂಖ್ಯೆ ಕೇಳುವ ಪದದ ಮೇಲೆ ನಿಂತಿದೆ.

ಒಂಟಿಯಾಗಿ, ಹುಲ್ಲಿನ ಮರೆಯಲ್ಲಿ ಬದುಕುವ ಈ ಪ್ರಾಣಿಗೆ ಒಂದು ಶಿಸ್ತಿದೆ: ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಸಂಶೋಧಕರು ಪ್ರಾಣಿಯನ್ನು ಅರಸುವ ಬದಲು ಹಿಕ್ಕೆಗುಪ್ಪೆಗಳನ್ನು ಎಣಿಸುತ್ತಾರೆ, ಕ್ಯಾಮೆರಾ ಕಟ್ಟುತ್ತಾರೆ. ಈ ಪ್ರಾಣಿಯ ಇನ್ನೊಂದು ಅಗತ್ಯ ಹತ್ತಿರದಲ್ಲಿ ಕುಡಿಯುವ ನೀರು. ಕೊಳವೆಬಾವಿ ಕೊರೆಯಲಾಗದ ಜೀವಕ್ಕೆ ಹಳ್ಳ, ಹೊಂಡ, ಕೆರೆಯೇ ಗತಿ.

ಹೀಗೆ ಸುತ್ತಿಬಂದು ನಾವು ಮತ್ತೆ ನೀರಿನ ಬಳಿಯೇ ನಿಂತೆವು. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, 2009ರಿಂದ ವಿಶ್ವವಿದ್ಯಾಲಯವಿದೆ. ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಅಲ್ಲಿ ಒಬ್ಬರು ಸಸ್ಯಶಾಸ್ತ್ರಕ್ಕೆ, ಒಬ್ಬರು ಕನ್ನಡ ಎಂ.ಎ.ಗೆ, ಒಬ್ಬರು ರಸಾಯನಶಾಸ್ತ್ರಕ್ಕೆ ಸೇರುತ್ತಾರೆ. ತರಗತಿಗಳು ಬೇರೆಯಾದರೂ ಶನಿವಾರ ಸಂಜೆ ಊರಿಗೆ ಹೋಗುವ ಬಸ್ಸು ಒಂದೇ. ಆ ಬಸ್ಸಿನ ಮಾತುಕತೆ ಸಂಶೋಧನೆಯ ಮೊದಲ ಪುಟವಾದರೆ ಈ ಅಧ್ಯಾಯದ ಅರ್ಧ ಪ್ರಶ್ನೆಗಳಿಗೆ ದಾರಿ ತೆರೆಯುತ್ತದೆ.

ತುಂಗಭದ್ರೆಯ ನೀರನ್ನು ಮೇಲೆತ್ತಿ ಜಗಳೂರು ಸೀಮೆಯ 57 ಕೆರೆಗಳಿಗೆ ತುಂಬಿಸುವ ಯೋಜನೆ ರೂಪುಗೊಂಡಿದೆ. ಕೆರೆ ತುಂಬಿದರೆ ಬಾವಿಗೆ ಹೊಸ ನೀರು ಇಳಿಯುತ್ತದೆ, ಕಲ್ಲಿನೊಂದಿಗೆ ಹೆಚ್ಚು ಕಾಲ ಕಳೆಯದ ನೀರು. ಅದು ಎಷ್ಟು ಆಳಕ್ಕೆ ಹೋದೀತು, ಫ್ಲೋರೈಡನ್ನು ಎಷ್ಟು ತಿಳಿಯಾಗಿಸೀತು ಎಂದು ಎಂಜಿನಿಯರ್ ಲೆಕ್ಕ ಹಾಕಬಹುದು, ರಸಾಯನಶಾಸ್ತ್ರಜ್ಞೆ ಬಾಟಲಿಯಲ್ಲಿ ಅಳೆಯಬಹುದು. ಆದರೆ ಕೊನೆಯ ಪರೀಕ್ಷೆಯ ಉತ್ತರಪತ್ರಿಕೆ ಬೇರೆ ಕಡೆ ಬರೆಯಲ್ಪಡುತ್ತಿದೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲೋ ಸೊಕ್ಕೆಯಲ್ಲೋ ಈ ವರ್ಷ ಹುಟ್ಟಿದ ಮಗುವಿನ ಒಸಡಿನೊಳಗೆ ಎನಾಮೆಲ್ ಈಗ ಕಟ್ಟಿಕೊಳ್ಳುತ್ತಿದೆ. ಏಳು ವರ್ಷದ ನಂತರ ಆ ಮಗು ಹಾಲುಹಲ್ಲನ್ನು ಹೆಂಚಿನ ಮೇಲೆ ಎಸೆದು ಬಂದು ಕನ್ನಡಿಯಲ್ಲಿ ಹೊಸ ಹಲ್ಲು ನೋಡಿಕೊಳ್ಳುವಾಗ ಫಲಿತಾಂಶ ಗೊತ್ತಾಗುತ್ತದೆ.